ಗಡಿಯಾರ ಕಿತ್ತ ಕೋಣೆ

ನಮ್ಮ ಆಫೀಸಿಗೆ ಕಿಟಕಿಯಿರಲಿಲ್ಲ. ನಾವು ಹೊತ್ತು ನೋಡುತ್ತ ಕೂರುತ್ತೇವೆಂದು ಗೋಡೆಯ ಗಡಿಯಾರವನ್ನೂ ಕಂಪ್ಯೂಟರಿನ ಮೂಲೆಯದನ್ನೂ ತೆಗೆಸಿದ್ದರು. ಮೊಬೈಲು, ಕೈಗಡಿಯಾರಗಳನ್ನು ಬಾಗಿಲಲ್ಲೇ ಕಿತ್ತುಕೊಳ್ಳುತ್ತಿದ್ದರು. ಕಂಪ್ಯೂಟರಿನ ಕಪ್ಪು ಪರದೆಯಲ್ಲಿ ಕಮಾಂಡ್ ಟೈಪ್ ಮಾಡಿ, ಹೇಳಿದ ಹೊತ್ತಿಗೆ ಸಾಲೊಂದು ಮೂಡುವಂತೆ ರಿಮೈಂಡರ್ ಇಡುವುದನ್ನು ನನಗೆ ಕಲಿಸಿದ್ದು ಪಕ್ಕದ ಕುರ್ಚಿಯ ಅಕ್ಕ. ಅವಳು ಕೆಲಸ ಮಾಡುತ್ತಲೇ ಆ ಕುರ್ಚಿಯಲ್ಲಿ ಸತ್ತಳು. ಆಮೇಲೆ ದಿನವಿಡೀ ನನ್ನೊಡನೆ ಮಾತಾಡುತ್ತಿದ್ದುದು 'ನೀರು ಕುಡಿ', 'ಊಟ ಮಾಡು' ಎಂದು ನಾನೇ ಬರೆದಿಟ್ಟ ಸಾಲುಗಳು ಮಾತ್ರ.

ಒಂದು ಮಧ್ಯಾಹ್ನ ಎದೆ ಹಿಂಡತೊಡಗಿತು. ಹಲ್ಲು ಕಚ್ಚಿ ಕೂತೆ. ನಾನು ಬರೆಯದ ಸಾಲೊಂದು ಪರದೆಯಲ್ಲಿ ಮೂಡಿತು: 'ಏಳು ತಮ್ಮಾ.' ಅಳಿಸಿದೆ. ಮತ್ತೆ ಬಂತು. ಖಾಲಿ ಕುರ್ಚಿಯ ಕಡೆಯ ನನ್ನ ತೋಳು ಮಾತ್ರ ತಣ್ಣಗಾಗಿತ್ತು.

"ಎದೆ ನೋಯ್ತಿದೆ ಸಾರ್, ಹೋಗ್ತೀನಿ."

"ಹೋಗಪ್ಪ, ನಾಳೆಯಿಂದ ಪೂರ್ತಿ ರೆಸ್ಟು," ಎಂದ ಮೇಲ್ವಿಚಾರಕ.

ಆಸ್ಪತ್ರೆಯವರು ಉಳಿಸಿದರು. ಕೆಲಸ ಹೋಯಿತು. ಆಫೀಸಿನ ಕಂಪ್ಯೂಟರ್ ರಿಪೇರಿಗೆ ಬರುವ ಗೆಳೆಯನಿಗೆ ಆ ಸಾಲು ಎಲ್ಲಿಂದ ಬಂತೆಂದು ನೋಡಲು ಹೇಳಿದ್ದೆ. ಅವನು ಫೋನ್ ಮಾಡಿದ.

"ಯಾರು ಇಟ್ರೋ ಗೊತ್ತಾಗ್ತಿಲ್ಲ ಕಣೋ. ಅಂಥದ್ದೇ ಇನ್ನೊಂದು ರಿಮೈಂಡರ್ ಬಾಕಿ ಇದೆ, ಅದರ ಹೊತ್ತು ಬಂದಾಗ್ಲೇ ಸಾಲು ಕಾಣೋದು."

"ನನ್ನ ಹೆಸರಿಗಾ?"

"ಅಲ್ಲ. ಇವತ್ತು ಬೆಳಿಗ್ಗೆ ನಿನ್ನ ಜಾಗಕ್ಕೆ ಸೇರಿದ ಹುಡುಗಿ ಹೆಸರಿಗೆ."