ಅಂಬಿಗನ ತಲೆ ಕುಯ್ದವರು

"ಮಾಡಿದವರ ಕೈ ಮುರೀಬೇಕು ಅಮ್ಮ," ಎನ್ನುತ್ತ ಚದುರಂಗದ ಮೇಷ್ಟ್ರು ನಮ್ಮ ಬಾಗಿಲಲ್ಲಿ ನಿಂತು ಹಲ್ಲು ಕಡಿದರು. ಚದುರಂಗ ಸಂಘದ ಮಹಡಿಯ ಮೇಲೆ ನಾನೂ ನನ್ನ ಸೋದರತ್ತೆಯೂ ವಾಸವಾಗಿದ್ದೆವು. ಊರವರ ಕಳ್ಳತನ, ಮೋಸಗಳನ್ನು ಪತ್ತೆ ಹಚ್ಚುತ್ತಿದ್ದವಳು ಅತ್ತೆ. ಅವಳ ಚೀಲ ಹೊರುತ್ತಿದ್ದವನು ನಾನು.

ಮೇಷ್ಟ್ರು ಹೊಸ ಬಗೆಯ ಚದುರಂಗವೊಂದನ್ನು ಕಂಡುಹಿಡಿದಿದ್ದರು. ಹಲಗೆ ಒಂಬತ್ತು ಮನೆ ಅಗಲ, ಎರಡೂ ಕಡೆ ಅಂಬಿಗನೆಂಬ ಒಂದೊಂದು ಹೊಸ ಕಾಯಿ. ಅಂಬಿಗನನ್ನು ಯಾರೂ ಕೊಲ್ಲುವಂತಿಲ್ಲ. ಅವನು ಪಕ್ಕದಲ್ಲಿರುವ ತನ್ನವರನ್ನು ಹೊತ್ತು, ಯಾರ ತಲೆಯ ಮೇಲಾದರೂ ದಾಟಿ, ಖಾಲಿ ಮನೆಯಲ್ಲಿ ಇಳಿಸಿ ತಾನೂ ಪಕ್ಕದಲ್ಲೇ ನಿಲ್ಲುತ್ತಾನೆ. ಅಂದು ಸಂಜೆಯೇ ಆಟದ ಪ್ರದರ್ಶನವಿತ್ತು.

ಕೆಳಗಿಳಿದು ನೋಡಿದರೆ ಇಬ್ಬರೂ ಅಂಬಿಗರ ತಲೆಯನ್ನು ಗರಗಸದಿಂದ ಕುಯ್ದಿದ್ದರು. ಹಲಗೆಯ ಮೇಲೆಲ್ಲ ಮರದ ಪುಡಿ. ಆದರೂ ಕಾಯಿಗಳೆಲ್ಲ ಆಟಕ್ಕೆ ಸಿದ್ಧವಾಗಿ ಸಾಲಾಗಿ ನಿಂತಿದ್ದವು. ರುಂಡವಿಲ್ಲದ ಅಂಬಿಗರು ಮೂಲೆಯ ಮನೆಗಳಲ್ಲಿದ್ದರು.

"ಇವರ ಜಾಗ ಇದೇನಾ?" ಅತ್ತೆ ಕೇಳಿದಳು.

"ಅಲ್ಲ, ರಾಜನ ಪಕ್ಕ. ರಾಜನಿಗೆ ಭದ್ರ ಕಾವಲು."

ಮೇಷ್ಟ್ರಲ್ಲದೆ ಸಂಘದ ಬೀಗದ ಕೈ ಇನ್ನೂ ಮೂವರಲ್ಲಿತ್ತು: ಕಾಯಿ ಕಡೆದ ಬಡಗಿ, "ಚದುರಂಗ ಕೆಡಿಸ್ತಿದ್ದಾರೆ" ಎಂದು ಗೊಣಗುವ ಸಂಘದ ಕಾರ್ಯದರ್ಶಿ, ಮತ್ತು ಮೇಷ್ಟ್ರ ಮೆಚ್ಚಿನ ಶಿಷ್ಯೆ. ನನಗೆ ಕಾರ್ಯದರ್ಶಿಯ ಮೇಲೆ ಅನುಮಾನ. ಆ ಮನುಷ್ಯನನ್ನು ಕಂಡರೇ ನನಗಾಗದು.

ಸಂಜೆ ಸಭೆ ಸೇರಿತು. ಅತ್ತೆ ಎದ್ದು ನಿಂತಳು. "ಇಲ್ಲಿ ಕುಯ್ದವರು ಒಬ್ಬರು, ಕದ್ದವರು ಇನ್ನೊಬ್ಬರು."

"ನಾನೇನೂ ಕದ್ದಿಲ್ಲ," ಎಂದರು ಮೇಷ್ಟ್ರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

ಅತ್ತೆ ಮುಂದುವರಿಸಿದಳು. "ಅಷ್ಟು ಸಿಟ್ಟಲ್ಲೂ ಕಾಯಿ ಜೋಡಿಸದೆ ಹೋಗೋಕಾಗಲಿಲ್ಲ ಅಂದ್ರೆ ಅವರು ಹುಟ್ಟಾ ಆಟಗಾರರು. ಬಡಗಿಗೆ ಆಟ ಬರಲ್ಲ. ಕಾರ್ಯದರ್ಶಿಗೆ ಗೊತ್ತಿರೋದು ಮೇಷ್ಟ್ರು ಹೇಳಿಕೊಟ್ಟ ಜಾಗ. ಅಂಬಿಗನನ್ನ ತಾನಾಗಿ ಮೂಲೆಗಿಡೋ ಕೈ ಯಾವುದು? ಈ ಆಟವನ್ನ ಮೇಷ್ಟ್ರಿಗಿಂತ ಚೆನ್ನಾಗಿ ಬಲ್ಲ ಕೈ. ಅಲ್ವೇನಮ್ಮ?"

ಶಿಷ್ಯೆ ತಲೆ ತಗ್ಗಿಸಲಿಲ್ಲ. "ನಾನೇ ಕುಯ್ದಿದ್ದು. ಆಟ ನಂದು. ಹೇಗಿದೆ ನೋಡಿ ಸರ್ ಅಂತ ತೋರಿಸಿದ್ದೆ, ತಮ್ಮ ಹೆಸರು ಹಾಕ್ಕೊಂಡ್ರು. ಅಂಬಿಗ ರಾಜನ ಪಕ್ಕ ಇದ್ರೆ ಆಟ ಮುಗಿಯೋದೇ ಇಲ್ಲ. ಅದು ಗೊತ್ತಾಗಿ ಮೂಲೆಗೆ ಸರಿಸಿದ್ದು ಆಮೇಲೆ. ಅಷ್ಟರಲ್ಲಿ ಅವರು ಕದ್ದಾಗಿತ್ತು."

"ಸುಳ್ಳು. ಆಟ ನಂದೇ."

"ಹಾಗಾದ್ರೆ ಆಡೋಣ ಸರ್. ನೀವು ಹೇಳಿದ ಜಾಗದಲ್ಲೇ ಇಟ್ಟು."

ಆಡಿದರು. ಮೇಷ್ಟ್ರು ರಾಜನಿಗೆ ಶಹ ಕೊಟ್ಟಾಗಲೆಲ್ಲ ಅವಳ ಕಡೆಯ ತಲೆಯಿಲ್ಲದ ಅಂಬಿಗ ಅವನನ್ನು ಹೊತ್ತು ದಾಟಿಸಿದ. ಅವಳು ಕೊಟ್ಟಾಗ ಮೇಷ್ಟ್ರ ಅಂಬಿಗನೂ ಅದನ್ನೇ ಮಾಡಿದ. ಸಭೆ ಆಕಳಿಸಿತು, ಆಮೇಲೆ ಮುಸಿಮುಸಿ ನಕ್ಕಿತು. ನನಗಂತೂ ಹಾಲು ಕುಡಿದಷ್ಟು ಸಂತೋಷವಾಯಿತು.

"ಸಮ ಅಂದ್ಕೊಂಡು ಬಿಡೋಣಮ್ಮ," ಎಂದರು ಮೇಷ್ಟ್ರು, ಬೆವರು ಒರೆಸಿಕೊಳ್ಳುತ್ತ.

"ಬೇಡ ಸರ್. ನಿಮ್ಮ ಆಟ, ಹೇಗೆ ಮುಗಿಸೋದು ಅಂತ ನೀವೇ ತೋರಿಸಿ."

ಅವರು ಇನ್ನಷ್ಟು ಆಡಿದರು. ಕೊನೆಗೆ ಕೈ ಹಿಂದಕ್ಕೆಳೆದುಕೊಂಡು, ಹಲಗೆಯನ್ನೇ ನೋಡುತ್ತ, "ಇದು ನಂದಲ್ಲ" ಎಂದರು.

"ಜೋರಾಗಿ ಹೇಳಿ ಸರ್," ಎಂದಳು ಶಿಷ್ಯೆ. "ಹಿಂದೆ ಕೂತೋರಿಗೆ ಕೇಳಿಸಲಿಲ್ಲ."