ಟೈರಿನ ಮೇಲೆ ಎದ್ದ ಗುಳ್ಳೆ

“ಅಪ್ಪಾ, ಮೋಟಾರು ಚಾಲೂ ಮಾಡಬ್ಯಾಡ! ಹಿಂದಿನ ಟೈರ್ ನೋಡು!”

ಶಾಲೆಗೆ ಹೊರಟಿದ್ದ ಸುಗಲಾ, ಸಾಹುಕಾರ ಆತ್ಮಾರಾಮರ ಮನೆ ಮುಂದಿದ್ದ ಮೋಟಾರಿನ ಕೆಳಗೆ ಬಗ್ಗಿ ನೋಡಿ ಕೂಗಿದಳು. ಅವಳ ಅಪ್ಪ ವೀರಪ್ಪ ಆ ಮನೆಯ ಡ್ರೈವರ್. ದಿನಾ ಹೊರಡುವ ಮುಂಚೆ ನಾಲ್ಕೂ ಟೈರುಗಳನ್ನು ಕೈಯಿಂದ ಸವರಿ, ಒತ್ತಿ ನೋಡುತ್ತಿದ್ದ. ಇವತ್ತು ನೋಡಿರಲಿಲ್ಲ.

ಸಾಹುಕಾರರು ಜಹೀರಾಬಾದಿನಿಂದ ತಾಂಡೂರಿಗೆ ಹೋಗಿ ರೈಲು ಹಿಡಿಯಬೇಕಿತ್ತು. ಅವರ ತಾಯಿ ಕಾಂತಾಬಾಯಿ, ಇಬ್ಬರು ಸಣ್ಣ ಮಕ್ಕಳು ಆಗಲೇ ಒಳಗೆ ಕೂತಿದ್ದರು.

“ಹೊತ್ತಾತು, ನಡಿ!” ಸಾಹುಕಾರರು ಗದರಿದರು.

“ಹೂಂ ರೀ. ಏ ಸುಗಲಾ, ಸಾಲಿಗಿ ಹೋಗು!”

“ಒಳಮಗ್ಗಲಿಗಿ ಗುಳ್ಳಿ ಎದ್ದದ ಅಪ್ಪಾ, ನಿಂಬಿಕಾಯಿಯಷ್ಟು!”

“ಡ್ರೈವರ್ ನೀನೋ, ನಾನೋ?”

ಸಾಹುಕಾರರು ನಕ್ಕರು. ಸುಗಲಾಳ ಕಿವಿ ಬಿಸಿಯಾಯಿತು. ಪಾಟಿಚೀಲವನ್ನು ನೆಲಕ್ಕೆ ಒಗೆದು, ಮೋಟಾರಿನ ಮುಂದೆ ಕೂತೇಬಿಟ್ಟಳು.

ವೀರಪ್ಪ ಇಳಿದು ಬಂದು ರಟ್ಟೆ ಹಿಡಿದು ಎಳೆದ. ಅವಳು ಏಳಲಿಲ್ಲ. ಬೆನ್ನಿಗೆ ಒಂದು ಏಟು ಬಿತ್ತು.

“ಹೊಡಿ! ಇನ್ನೂ ಹೊಡಿ! ಆದ್ರ ಮೊದಲು ಕೈ ಹಚ್ಚಿ ನೋಡು!”

“ಒಮ್ಮಿ ನೋಡೋ ವೀರಪ್ಪಾ,” ಒಳಗಿನಿಂದ ಕಾಂತಾಬಾಯಿ ಅಂದರು.

ವೀರಪ್ಪ ಸಿಟ್ಟಿನಲ್ಲೇ ಹಿಂದಿನ ಗಾಲಿಯ ಒಳಗೆ ಕೈ ಹಾಕಿದ. ಕೈ ಅಲ್ಲೇ ನಿಂತಿತು. ಗುಳ್ಳೆಯ ಪಕ್ಕ ರಬ್ಬರು ಸೀಳಿ, ಒಳಗಿನ ನೂಲು ಹೊರಬಂದಿತ್ತು.

“ಎಲ್ಲಾರೂ ಇಳೀರಿ. ದಾರ್ಯಾಗ ಇದು ಒಡದರ ಮೋಟಾರು ಪಲ್ಟಿ ಹೊಡೀತದ.”

“ಜರ್ಮನಿ ಲಡಾಯಿ ನಡದದ, ಹೈದ್ರಾಬಾದಿನಾಗೂ ಟೈರ್ ಸಿಗವಲ್ದು,” ಸಾಹುಕಾರರು ಸಿಡುಕಿದರು. “ಹಂಗೇ ಸಾವಕಾಶ ಹೊಡಿ.”

“ನಾ ಹೊಡ್ಯಂಗಿಲ್ರಿ!” ವೀರಪ್ಪನ ದನಿ ಬೀದಿಯ ತುದಿಗೂ ಕೇಳಿತು. ಸಾಹುಕಾರರ ಎದುರು ಅಪ್ಪ ಹೀಗೆ ಮಾತಾಡಿದ್ದನ್ನು ಸುಗಲಾ ಎಂದೂ ಕೇಳಿರಲಿಲ್ಲ. “ಸ್ಟೆಪ್ನಿ ಅದ, ಹಾಕ್ತೀನಿ. ಅಲ್ಲಿತನ ಕುಂಡ್ರಿ.”

ಕಾಂತಾಬಾಯಿ ಮೊಮ್ಮಕ್ಕಳ ಕೈ ಹಿಡಿದು ಇಳಿದರು. “ರೈಲು ನಾಳಿಗೂ ಬರ್ತದ,” ಅಂದರು. ಸಾಹುಕಾರರು ಗೊಣಗುತ್ತ ಕಟ್ಟೆಯ ಮೇಲೆ ಕೂತರು.

ವೀರಪ್ಪ ಜಾಕ್ ಹಚ್ಚಿದ, ಗಾಲಿ ಬದಲಿಸಿದ, ಪಂಪಿನಿಂದ ಗಾಳಿ ಹೊಡೆದ. ಸುಗಲಾ ದೂರ ನಿಂತಿದ್ದಳು. ಬೆನ್ನು ಚುರುಗುಡುತ್ತಿತ್ತು. ಅಪ್ಪನ ಮುಖ ನೋಡಲೂ ಮನಸ್ಸಿರಲಿಲ್ಲ.

“ಬಾ ಇಲ್ಲಿ,” ಎಂದ ವೀರಪ್ಪ. “ಉಳಿದ ಮೂರೂ ನೋಡಬೇಕು. ನನ್ನ ಕೈಗಿ ಏನೂ ತಿಳೀವಲ್ದು.”

ಅವಳು ಮುಖ ಊದಿಸಿಕೊಂಡೇ ಬಂದು ಪಕ್ಕದಲ್ಲಿ ಕೂತಳು. ಆಗ ಕಂಡಿತು. ಟೈರಿನ ಮೇಲಿದ್ದ ಅಪ್ಪನ ಕೈ ಗಡಗಡ ನಡುಗುತ್ತಿತ್ತು.

ಸುಗಲಾ ಆ ಕೈಯನ್ನು ಮೆಲ್ಲಗೆ ಬದಿಗೆ ಸರಿಸಿ, ತಾನೇ ಟೈರನ್ನು ಸವರತೊಡಗಿದಳು.