ಗುಂಡಿ ಬಿದ್ದ ಅಂಗಿಯ ಹಾಡು

ಅವಳು ಬರೆದ ಹಾಡು ಮೊದಲ ಸಲ ರೇಡಿಯೋದಲ್ಲಿ ಬಂದಾಗ ಊರಿನ ಅಷ್ಟೂ ಗಡಿಯಾರಗಳು ನಿಂತು ಕೇಳಿದವು. ಹಾಡು ಮುಗಿದ ಮೇಲೆಯೇ ಮುಳ್ಳು ಕದಲಿದ್ದು! ನಂಬಿಕೆ ಬಾರದವರು ತಮ್ಮ ಗಡಿಯಾರ ನೋಡಿಕೊಳ್ಳಲಿ... ಇವತ್ತಿಗೂ ನಾಲ್ಕು ನಿಮಿಷ ಹಿಂದೆಯೇ ಓಡುತ್ತಿರುತ್ತದೆ.

ಆದರೆ ಅದಕ್ಕೂ ಮೊದಲು ಒಂದು ಜಗಳ ನಡೆದಿತ್ತು.

"ಏನ್ರೀ! ನನ್ನ ಸಾಲು ನಿಮ್ಮ ಬಾಯಿಗೆ ಕಹಿ ಆಯ್ತಾ?"

ರೆಕಾರ್ಡಿಂಗ್ ಕೋಣೆಯ ಕೆಂಪು ದೀಪ ಉರಿಯುತ್ತಿದ್ದರೂ ಅವಳು ಒಳಗೆ ನುಗ್ಗಿದ್ದಳು. ಮೈಕಿನ ಮುಂದೆ ನಿಂತಿದ್ದವನು ಟ್ರ್ಯಾಕ್ ಸಿಂಗರ್. ದೊಡ್ಡ ಗಾಯಕರು ಬರುವ ಮೊದಲು ಮಾದರಿಗೆ ಹಾಡುವವನು. ಅವರು ಹಾಡಿದ ಮೇಲೆ ಇವನ ದನಿ ಅಳಿಸಿಹೋಗುತ್ತದೆ. ಅವನ ಚೆಲುವಿನ ಬಗ್ಗೆ ಹೆಚ್ಚು ಹೇಳುವುದು ಬೇಡ. ಅವನಿಗಾಗಿ ಕನ್ನಡಿಗಳು ತಮ್ಮತಮ್ಮಲ್ಲೇ ಜಗಳವಾಡುತ್ತಿದ್ದವು, ಅಷ್ಟೇ.

"ಮೇಡಂ, ಮೈಕ್ ಆನ್ ಇದೆ..."

"ಇರ್ಲಿ! ಎಲ್ಲರೂ ಕೇಳ್ಲಿ! ಇಡೀ ಹಾಡು ಹಾಡ್ತೀರಿ, ಆ ಒಂದು ಸಾಲಿಗೆ ಮಾತ್ರ ಮ್ಮ್... ಮ್ಮ್... ಅಂತೀರಲ್ಲ, ಹಲ್ಲು ನೋವಾ?"

ಗಾಜಿನಾಚೆ ಕೂತಿದ್ದ ಸಂಗೀತ ನಿರ್ದೇಶಕರ ಕಡೆ ಅವನು ಒಮ್ಮೆ ನೋಡಿದ. ಹೆಡ್‌ಫೋನ್ ತೆಗೆದಿಟ್ಟ.

"ಸಾಲು ತುಂಬಾ ಚೆನ್ನಾಗಿದೆ ಮೇಡಂ," ಎಂದವನೇ ಹೊರಟುಹೋದ.

'ಎಷ್ಟು ಸೊಕ್ಕು!' ಅವಳ ಕಣ್ಣು ತುಂಬಿತು.

ಅದು ಅವಳ ಮೊದಲ ಹಾಡು. ಅಮ್ಮನ ಟೈಲರಿಂಗ್ ಅಂಗಡಿಯಲ್ಲಿ, ಕೊಟ್ಟ ಟ್ಯೂನನ್ನು ಗುನುಗುತ್ತಾ, ಹೊಲಿಗೆ ಮಷೀನಿನ ಟಕಟಕಕ್ಕೆ ಕಾಲು ತಟ್ಟುತ್ತಾ, ಒಂದೊಂದು ಪದವನ್ನೂ ಅಳತೆ ಹಿಡಿದು ಕೂರಿಸಿದ್ದಳು. ಹನ್ನೊಂದು ಸಾವಿರ ಹಾಳೆ ಹರಿದಿದ್ದಳು! ಆ ಒಂದು ಸಾಲು ಮಾತ್ರ ತಾನಾಗಿ ಬಂದಿತ್ತು. ಅಪ್ಪ ತೀರಿಕೊಂಡು ಆರು ವರ್ಷವಾದ ಮೇಲೂ ಅಮ್ಮ ಅವರ ಅಂಗಿಗೆ ಗುಂಡಿ ಹೊಲಿಯುತ್ತಾ ಕೂತದ್ದನ್ನು ಕಂಡ ದಿನ.

ಗುಂಡಿ ಬಿದ್ದ ಅಂಗಿಗೂ ಗೊತ್ತು ನಿನ್ನ ಬೆರಳು...

ಮೂರನೆಯ ದಿನ ಸ್ಟುಡಿಯೋದ ಸೌಂಡ್ ಎಂಜಿನಿಯರ್ ಅವಳನ್ನು ಕರೆದ.

"ಬಾ ತಂಗಿ, ಇದನ್ನ ಕೇಳು. ಅವತ್ತು ನೀನು ಬೈಯೋಕೆ ಮುಂಚೆ ಮೈಕಲ್ಲಿ ಸಿಕ್ಕಿದ್ದು."

ಮೊದಲು ನಿರ್ದೇಶಕರ ದನಿ: "ಪ್ರೇಮಗೀತೇಲಿ ಗುಂಡಿ ಯಾಕಯ್ಯಾ? ಅದನ್ನ ತೆಗ್ದು ಚಂದ್ರ, ಹೂವು ಏನಾದ್ರೂ ಹಾಕಿ ಹಾಡು. ಆ ಹುಡುಗಿಗೆ ಆಮೇಲೆ ಹೇಳಿದ್ರಾಯ್ತು."

ಆಮೇಲೆ ಅವನ ದನಿ: "ಸರ್, ಅವರನ್ನ ಕೇಳದೆ ಅವರ ಮಾತು ಕಿತ್ತುಹಾಕೋಕೆ ನನ್ನ ನಾಲಿಗೆ ಹೊರಳಲ್ಲ. ಬೇಕಾದ್ರೆ ಆ ಜಾಗ ಖಾಲಿ ಬಿಡ್ತೀನಿ."

"ಹಾಗಾದ್ರೆ ನಾಳೆಯಿಂದ ನೀನೂ ಬರೋದು ಬೇಡ!"

ಅವಳು ಕುರ್ಚಿಯಿಂದ ಎದ್ದುಬಿಟ್ಟಳು. 'ಅಯ್ಯೋ... ನನ್ನ ಸಾಲಿಗಾಗಿ ಅನ್ನ ಕಳ್ಕೊಂಡವರಿಗೆ ನಾನು ಏನೆಲ್ಲ ಅಂದೆ...'

ನೆಟ್ಟಗೆ ನಿರ್ದೇಶಕರ ಮುಂದೆ ಹೋಗಿ ನಿಂತಳು.

"ಸರ್, ಆ ಸಾಲು ಇರ್ಬೇಕು. ಅವರ ದನಿಯಲ್ಲೇ ಇರ್ಬೇಕು. ಇಲ್ಲಾಂದ್ರೆ ಹಾಡು ವಾಪಸ್ ಕೊಡಿ. ಒಪ್ಪಿಗೆ ಪತ್ರಕ್ಕೆ ನಾನಿನ್ನೂ ಸಹಿ ಹಾಕಿಲ್ಲ."

"ಮೊದಲನೇ ಹಾಡಮ್ಮ ಇದು! ಮತ್ತೆ ಯಾರೂ ಕರೆಯಲ್ಲ, ಗೊತ್ತಾ?"

"ಅಮ್ಮನ ಅಂಗಡೀಲಿ ಇನ್ನೊಂದು ಮಷೀನ್ ಖಾಲಿ ಇದೆ ಸರ್."

ಆ ಕ್ಷಣ ಅವಳ ತಲೆ ಎಷ್ಟು ಎತ್ತರಕ್ಕೆ ಎದ್ದಿತ್ತೆಂದರೆ ಸೀಲಿಂಗ್ ಫ್ಯಾನ್ ಹೆದರಿ ಬದಿಗೆ ಸರಿಯಿತು!

ನಿರ್ದೇಶಕರು ಆ ಸಾಲನ್ನು ಮೆಲ್ಲಗೆ ಎರಡು ಸಲ ಗುನುಗಿದರು. ಆಮೇಲೆ ಪೆನ್ನನ್ನು ಅವಳತ್ತ ತಳ್ಳಿದರು. "ಸರಿ ತಾಯಿ. ಕರ್ಕೊಂಡು ಬಾ ಅವನನ್ನ."

ಅವಳು ಹೋಗಿ ಅವನ ಮನೆಯ ಕದ ತಟ್ಟಿದಳು. ಬಾಗಿಲು ತೆರೆದವನ ಅಂಗಿಯಲ್ಲಿ, ಸರಿಯಾಗಿ ಎದೆಯ ಬಳಿ, ಒಂದು ಗುಂಡಿ ಇರಲಿಲ್ಲ.

"ಕ್ಷಮಿಸ್ತೀರಾ...?"

"ಯಾವುದಕ್ಕೆ? ಅವತ್ತು ಹಲ್ಲು ನೋವು ನಿಜವಾಗ್ಲೂ ಇತ್ತು."

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಟೈಲರ್ ಮಗಳ ಚೀಲದಲ್ಲಿ ಸೂಜಿ, ದಾರ, ಗುಂಡಿಗೆ ಬರವೇ? ಹೊರತೆಗೆದಳು.

"ಅಲ್ಲಾಡ್ಬೇಡಿ, ಚುಚ್ಚುತ್ತೆ."

"ಮೇಡಂ... ಈ ಅಂಗಿಗೆ ಇನ್ಮೇಲೆ ಬೇರೆ ಬೆರಳು ಬೇಡ."

ಅವಳು ತಲೆ ಎತ್ತಲಿಲ್ಲ. ದಾರವನ್ನು ಹಲ್ಲಿನಲ್ಲಿ ಕಡಿಯಲು ಅವನೆದೆಗೆ ಬಾಗಿದವಳು, ಹಾಗೆಯೇ ಒರಗಿಬಿಟ್ಟಳು...

"ರೀ, ಏನ್ ಬರೀತಿದ್ದೀರಿ?"

ಹೆಗಲ ಮೇಲಿಂದ ಬಗ್ಗಿ ಓದುತ್ತಿದ್ದಾಳೆ. ಸಿಕ್ಕಿಬಿದ್ದೆ! ಹೌದು, ಆ ಟ್ರ್ಯಾಕ್ ಸಿಂಗರ್ ನಾನೇ.

"ಕನ್ನಡಿಗಳು ಜಗಳ ಆಡ್ತಿದ್ವಾ? ಮೊದ್ಲು ಮುಖ ತೊಳ್ಕೊಳ್ರೀ! ಹಾಳೆ ಎಷ್ಟು ಹರಿದಿದ್ದೆ?"

"ನಲವತ್ತು."

"ಗಡಿಯಾರ ಎಷ್ಟು ನಿಂತಿದ್ವು?"

"ಒಂದು. ನಿಮ್ಮಮ್ಮನ ಅಂಗಡೀದು. ಸೆಲ್ ಮುಗಿದಿತ್ತು. ಆದ್ರೆ ರೇಡಿಯೋದಲ್ಲಿ ನಿನ್ನ ಹೆಸರು ಹೇಳಿದಾಗ ನಿಮ್ಮಮ್ಮನ ಮಷೀನ್ ನಿಂತಿದ್ದು ನಿಜ ಕಣೇ. ಅದರಾಣೆ!"

ಅವಳು ನನ್ನ ಹೆಗಲ ಮೇಲೆ ಕೈಯಿಟ್ಟಳು.

"ಗುಂಡಿ?"

"ಅದು... ನೀನು ಬರ್ತಿದ್ದೀಯ ಅಂತ ಎಂಜಿನಿಯರ್ ಫೋನ್ ಮಾಡಿದ್ದ. ಕತ್ತರಿ ಕಣ್ಣೆದುರೇ ಇತ್ತು..."

"ಅವತ್ತೇ ಗೊತ್ತಾಯ್ತು. ಸವೆದು ಬಿದ್ದ ಗುಂಡಿ ಎಳೆ ಬಿಟ್ಟು ಹೋಗುತ್ತೆ. ಟೈಲರ್ ಮಗಳಿಗೆ ಕತ್ತರಿ ಗುರುತು ಗೊತ್ತಾಗಲ್ವಾ?"

"ಮತ್ತೆ ಯಾಕೆ ಸುಮ್ನೆ ಹೊಲಿದೆ?"

ಅವಳು ನನ್ನ ಅಂಗಿಯ ಆ ಗುಂಡಿಯನ್ನೇ ತಿರುವುತ್ತಾ ನಕ್ಕಳು.

"ಅದು ಇದ್ದಿದ್ರೆ ನಾನೇ ಕೀಳ್ತಿದ್ದೆ ಕಣ್ರೀ. ದಾರ ಪೋಣಿಸ್ಕೊಂಡೇ ಬಂದಿದ್ದೆ!"